ಮಗುಚಿ ಹಾಕಿದ ರಟ್ಟು

ಗೋಡೆಯ ನಕ್ಷೆಯ ಮೇಲೆ ಅಕ್ಕನ ಬೆರಳು ನದಿಯ ಗುಂಟ ಸರ್ರನೆ ಮೇಲಕ್ಕೆ ಹತ್ತಿ, ಎರಡು ಬೆಟ್ಟಗಳ ನಡುವಿನ ನೀಲಿ ಚುಕ್ಕೆಯ ಮೇಲೆ ನಿಂತಿತು.

"ಇಲ್ಲಿಗೆ ಹೋಗಿ ಬರ್ಬೇಕು. ಇವತ್ತು ಸೋಮವಾರ. ಗುರುವಾರ ಮಳೆ ಹಿಡ್ಕೊಳತ್ತೆ. ಅಷ್ಟರೊಳಗೆ ಮುಗೀಬೇಕು."

ಅಕ್ಕ ನೀರಳತೆ ಕಚೇರಿಯವಳು. ಆ ನೀಲಿ ಚುಕ್ಕೆ ಬೆಟ್ಟದ ನೆತ್ತಿಯ ಕೆರೆ. ಕೆರೆಯ ದಂಡೆಯ ಕಂಬದ ಮೇಲೆ ಒಂದು ಪೆಟ್ಟಿಗೆ ಇತ್ತು. ನೀರು ಕೆಂಪು ಗೆರೆ ದಾಟಿದರೆ ಪೆಟ್ಟಿಗೆ ಊರಿಗೆ ಸುದ್ದಿ ಕಳಿಸುತ್ತದೆ, ಊರಿನ ಸೈರನ್ ಕೂಗುತ್ತದೆ, ನದಿ ದಂಡೆಯ ನಾನೂರು ಮನೆಯವರು ಮಕ್ಕಳುಮರಿ ಕಟ್ಟಿಕೊಂಡು ಎತ್ತರಕ್ಕೆ ಓಡುತ್ತಾರೆ. ಹೋದ ವಾರ ಬಡಿದ ಸಿಡಿಲು ಆ ಪೆಟ್ಟಿಗೆಯನ್ನು ಸುಟ್ಟು ಕರಕಲು ಮಾಡಿತ್ತು. ಹೊಸ ಪೆಟ್ಟಿಗೆ, ಪಕ್ಕದಲ್ಲಿ ಅದರ ಬ್ಯಾಟರಿಯೊಂದಿಗೆ, ಮೇಜಿನ ಮೇಲೆ ಕೂತಿತ್ತು. ಅದನ್ನು ಮೇಲೆ ಹತ್ತಿಸುವುದಷ್ಟೇ ಬಾಕಿ.

"ಯಾವ ಗಾಡೀಲಿ ಹೋಗ್ತೀರಮ್ಮ?" ಎಂದರು ಸಾಹೇಬರು. ಬೆಟ್ಟದ ದಾರಿ ಬಂಡೆ ಕಡಿದು ಮಾಡಿದ್ದು. ಕಚೇರಿಯ ದೊಡ್ಡ ಗಾಡಿಗಳು ಅಲ್ಲಿ ತೂರುವುದಿಲ್ಲ.

"ನನ್ನ ತಮ್ಮನ ಜೀಪಿದೆ ಸಾರ್. ಅಪ್ಪನ ಕಾಲದ್ದು. ಕಿರಿದು, ಆದ್ರೆ ಗಟ್ಟಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ತಮ್ಮ ನಿಂತಿದ್ದ. ಅಪ್ಪ ಬಿಟ್ಟುಹೋದ ಗ್ಯಾರೇಜನ್ನು ನಡೆಸುತ್ತಿದ್ದ ಅವನನ್ನು ಊರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಇಷ್ಟು ಜನ ಒಟ್ಟಿಗೆ ತನ್ನ ಕಡೆ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಎದೆ ಒಂದು ಗೇಣು ಉಬ್ಬಿತು.

"ಹಳೇ ಗಾಡಿ. ಬ್ರೇಕ್ ಹೆಂಗಿದೆಯಪ್ಪ?"

"ಬ್ರೇಕಾ ಸಾರ್? ಹಳೇ ಪೈಪು ಒಂದಿಲ್ಲ ಅದ್ರಲ್ಲಿ. ಹಿಂದೆ ಮುಂದೆ ಎಲ್ಲಾ ಹೊಸದು. ಕಣ್ಣು ಮುಚ್ಕೊಂಡು ಇಳಿಸ್ತೀನಿ."

ಶುದ್ಧ ಬಡಾಯಿ! ಹೋದ ವಾರವೇ ಅಕ್ಕ ಪೈಪುಗಳನ್ನೆಲ್ಲ ಬದಲಾಯಿಸು ಎಂದು ಹೇಳಿದ್ದಳು. ಮುಂದಿನ ಚಕ್ರಗಳದ್ದು ಬದಲಾಯಿಸಿದ್ದ, ಅದು ನಿಜ. ಹಿಂದಕ್ಕೆ ಹೋಗುವ ಉದ್ದನೆ ಪೈಪು ಮಾತ್ರ ಹಾಗೇ ಇತ್ತು. ಸಂಜೆ ಕೂತರೆ ಆಗಿಹೋಗುತ್ತೆ, ಅದಕ್ಕೇನು ಮಹಾ ಎಂದುಕೊಂಡ.

"ಹೊಣೆ ನಂದು ಸಾರ್," ಎಂದು ಅಕ್ಕ ಕಾಗದಕ್ಕೆ ಸಹಿ ಹಾಕಿದಳು. ತಮ್ಮನ ಕಡೆ ನೋಡಿ ನಕ್ಕಳು. ಆ ನಗು ಮುಂದಿನ ಮೂರು ದಿನ ಅವನ ಬೆನ್ನು ಬಿಡಲಿಲ್ಲ.

ಸಂಜೆ ಕೂತ. ಆ ಪೈಪು ಹಾದುಹೋಗುವುದು ಡೀಸೆಲ್ ಟ್ಯಾಂಕಿನ ಮೇಲಿಂದ. ಟ್ಯಾಂಕ್ ಇಳಿಸದೆ ಕೈ ಹೋಗುವುದಿಲ್ಲ. ಟ್ಯಾಂಕಿನ ನಾಲ್ಕು ಬೋಲ್ಟುಗಳೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಒಂದರ ತಲೆ ಸವೆದು ದುಂಡಗಾಯಿತು. ಎರಡನೆಯದು ಟಪ್ಪೆಂದು ಮುರಿಯಿತು. ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ತಂತಿ ಬ್ರಷ್ ತೂರಿಸಿ ಪೈಪಿನ ಮೇಲಿನ ತುಕ್ಕನ್ನು ಎಟುಕಿದಷ್ಟು ಉಜ್ಜಿ, ಒಂದು ಕೈ ಕಪ್ಪು ಬಣ್ಣ ಬಳಿದ. ಟಾರ್ಚ್ ಬಿಟ್ಟು ನೋಡಿದರೆ ಹೊಸದರಂತೆ ಮಿರಮಿರ ಮಿಂಚುತ್ತಿತ್ತು. ಅಷ್ಟಕ್ಕೇ ಕೈ ತೊಳೆದುಕೊಂಡ.

ಆ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ ಇತ್ತು. ದೂರ ಹೊರಡುವ ಗಾಡಿಯ ಕೆಳಗೆ ಹಿಂದಿನ ದಿನವೇ ದೊಡ್ಡದೊಂದು ರಟ್ಟು ಹಾಸಬೇಕು. ಬೆಳಿಗ್ಗೆ ಎಳೆದು ನೋಡಬೇಕು. ಕಪ್ಪು ಹನಿ ಬಿದ್ದಿದ್ದರೆ ಎಂಜಿನ್ನಿನದು. ನೀರಿನಂತೆ ತಿಳಿಯಾಗಿದ್ದು, ಮುಟ್ಟಿದರೆ ಬೆರಳು ಜಾರಿದರೆ ಬ್ರೇಕಿನದು. ಹನಿ ಕಂಡಲ್ಲಿ ಪೆನ್ಸಿಲ್ಲಿನಲ್ಲಿ ಸುತ್ತು ಬರೆದು, ಯಾವ ಜಾಗ, ಯಾವ ದಿನ ಎಂದು ಗುರುತು ಹಾಕಬೇಕು. ಅಕ್ಕ, ತಮ್ಮ ಇಬ್ಬರೂ ಅಕ್ಷರ ಕಲಿಯುವ ಮೊದಲೇ ಆ ರಟ್ಟು ಓದಲು ಕಲಿತಿದ್ದರು.

ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ರಟ್ಟು ಎಳೆದ. ಟ್ಯಾಂಕಿನ ನೇರಕ್ಕೆ ಹುಣಸೆ ಬೀಜದಷ್ಟು ಒಂದು ಒದ್ದೆ ಕಲೆ. ಬೆರಳಿಟ್ಟ. ಜಾರಿತು.

ಕೈ ಅಭ್ಯಾಸಬಲದಿಂದ ಪೆನ್ಸಿಲ್ ತೆಗೆದು ಸುತ್ತು ಬರೆಯಿತು. 'ಹಿಂದಿನ ಪೈಪು, ಮಂಗಳವಾರ' ಎಂದೂ ಬರೆಯಿತು. ಬರೆದ ಮೇಲೆ ತಲೆ ಕೆಲಸ ಮಾಡತೊಡಗಿತು. ಈಗ ಹೇಳಿದರೆ ಒಂದು ದಿನ ತಡವಾಗುತ್ತದೆ. ತಡ ಹಾಳಾಗಲಿ, ನಿನ್ನೆ ಅಷ್ಟು ಜನರೆದುರು ಎದೆ ತಟ್ಟಿಕೊಂಡು ಹೇಳಿದ್ದು ಸುಳ್ಳೆಂದಾಗುತ್ತದೆ. ಅಕ್ಕನ ಸಹಿ ಬೇರೆ.

'ಒಂದು ಹನಿಗೆ ಏನಾಗತ್ತೆ? ದಾರೀಲಿ ಆಯಿಲ್ ತುಂಬಿಸ್ಕೊಂಡು ಹೋದ್ರಾಯ್ತು.'

ಹೊರಗೆ ಅಕ್ಕನ ಚಪ್ಪಲಿ ಸದ್ದಾಯಿತು. ರಟ್ಟನ್ನು ಗಬಕ್ಕನೆ ಮಗುಚಿದ. ಹಿಂಬದಿ ಚೊಕ್ಕವಾಗಿತ್ತು.

"ರಟ್ಟು ನೋಡ್ದೇನೋ?" ಎಂದಳು ಅಕ್ಕ, ಒಳಗೆ ಬರುತ್ತಲೇ.

"ಹೂಂ ಅಕ್ಕ. ನೋಡು, ಒಂದು ಹನಿ ಇಲ್ಲ."

"ಭೇಷ್. ಪೆಟ್ಟಿಗೆ ಸುತ್ತಕ್ಕೆ ಮೆತ್ತೆ ಹಾಕೋಕೆ ಏನಾದ್ರೂ ಕೊಡು, ಕುಲುಕಾಡಬಾರ್ದು."

ಮೇಸ್ತ್ರಿ ಆ ರಟ್ಟನ್ನೇ ಮಡಿಸಿ, ಕಲೆ ಒಳಗಾಗುವಂತೆ, ಪೆಟ್ಟಿಗೆಯ ಸುತ್ತ ತುರುಕಿದ. ಕಲೆಯೂ ಕಣ್ಮರೆ, ಪೆಟ್ಟಿಗೆಗೂ ಮೆತ್ತೆ. ತನ್ನ ಜಾಣತನವನ್ನು ಆ ಗಳಿಗೆಯಲ್ಲಿ ತಾನೇ ಮೆಚ್ಚಿಕೊಂಡ ಎನ್ನುವುದನ್ನೂ ಹೇಳಿಬಿಡಬೇಕು.

ಮೂರನೆಯವನು ಕಂಬದಜ್ಜ. ಮೂವತ್ತೆಂಟು ವರ್ಷ ವಿದ್ಯುತ್ ಕಂಬ ಹತ್ತಿಳಿದವನು. ಕೆರೆಯ ಕಂಬ ಹತ್ತಲು ಅವನಿಗಿಂತ ತಕ್ಕ ಆಳಿರಲಿಲ್ಲ. ಸೊಂಟದ ಬೆಲ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತ.

"ಮೇಸ್ತ್ರೀ, ನಿಮ್ಮಪ್ಪನ ಜೊತೆ ಈ ಗಾಡೀಲಿ ಎಷ್ಟು ಸಲ ಹತ್ತಿದೀನಿ ಗೊತ್ತಾ? ಒಂದ್ಸಲ ಕೂಡ ಹೆದರಿಲ್ಲ. ನಡಿ, ಬಿಡು ಗಾಡಿ!"

ಹೊರಟರು.

ಊರು ದಾಟಿ, ಕಲ್ಲುಗಣಿ ದಾಟಿ, ಪೈನ್ ಮರಗಳ ಕಾಡು ಹೊಕ್ಕಾಗ ಬಿಸಿಲು ಇನ್ನೂ ಎಳೆಯದಿತ್ತು. ಮರಗಳು ಒಂದರ ಹೆಗಲ ಮೇಲೊಂದು ನಿಂತಂತೆ ಬೆಟ್ಟವನ್ನು ಮುಚ್ಚಿದ್ದವು. ಉದುರಿದ ಸೂಜಿ ಎಲೆಗಳ ಮೇಲೆ ಚಕ್ರದ ಸದ್ದೇ ಕೇಳುತ್ತಿರಲಿಲ್ಲ. ಆಮೇಲೆ ಕಾಡು ತೆಳುವಾಗಿ, ಹುಲ್ಲು ಬಂತು. ಹುಲ್ಲು ಮುಗಿದು ಬರೀ ಕಲ್ಲು ಬಂತು. ಎಡಕ್ಕೆ ಬಂಡೆ ಗೋಡೆ, ಬಲಕ್ಕೆ ಆಳ, ಆಳದ ತಳದಲ್ಲಿ ದಾರದ ಎಳೆಯಂತೆ ನದಿ. ಅಕ್ಕ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತು, ಇಲ್ಲಿ ಇಷ್ಟು ಅಗಲ, ಅಲ್ಲಿ ಇಷ್ಟು ತಿರುವು ಎಂದು ಬರೆದುಕೊಳ್ಳುತ್ತಿದ್ದಳು.

ಮೊದಲ ಹಳ್ಳ ಅಡ್ಡ ಬಂತು. ನೀರು ಮೊಣಕಾಲುದ್ದ. ಅಜ್ಜ ಕೋಲು ಹಿಡಿದು ಮುಂದೆ ನಡೆದು ದಾರಿ ತೋರಿಸಿದ. ಜೀಪು ಗುಡುಗುಡು ಎನ್ನುತ್ತ ದಾಟಿತು. ಎರಡನೆಯ ಕಡೆ ಬಂಡೆ ಉರುಳಿ ದಾರಿ ಮುಚ್ಚಿತ್ತು. ಮೂವರೂ ಹಾರೆ ಹಾಕಿ ಮೀಟಿದರು. ಬಂಡೆ ಕೆಳಗುರುಳಿ, ತಳ ಮುಟ್ಟಿದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

"ಅಬ್ಬಬ್ಬಾ! ಬಿದ್ರೆ ಮೂಳೆ ಕೂಡ ಸಿಗಲ್ಲ," ಎಂದ ಅಜ್ಜ, ನಗುತ್ತ.

ಮೇಸ್ತ್ರಿ ನಗಲಿಲ್ಲ. ನಿಂತಲ್ಲೆಲ್ಲ ಎಂಜಿನ್ ಬಿಸಿ ನೋಡುವ ನೆಪದಲ್ಲಿ ಬಾನೆಟ್ ಎತ್ತುತ್ತಿದ್ದ. ಬ್ರೇಕ್ ಆಯಿಲ್ ಡಬ್ಬಿ ನೋಡುತ್ತಿದ್ದ. ಪ್ರತಿ ಸಲವೂ ಎರಡು ಬೆರಳು ಇಳಿದಿರುತ್ತಿತ್ತು. ಸೀಟಿನ ಕೆಳಗೆ ಬಚ್ಚಿಟ್ಟಿದ್ದ ಎರಡು ಬಾಟಲಿಗಳಲ್ಲಿ ಒಂದು ಮುಗಿಯುತ್ತ ಬಂದಿತ್ತು. ಹತ್ತುವಾಗ ಬ್ರೇಕಿಗೆ ಕೆಲಸ ಕಡಿಮೆ. ಇಳಿಜಾರು ಮುಂದಿತ್ತು.

"ಏನೋ, ಮುಖ ಬಿಳಚಿಕೊಂಡಿದೆ?" ಎಂದಳು ಅಕ್ಕ.

ಈಗ ಹೇಳಬೇಕು ಎಂದು ಬಾಯಿ ತೆರೆದ. ಈಗಲೇ, ಇಲ್ಲೇ. ಹೇಳಿಬಿಟ್ಟರೆ ಮುಗಿಯಿತು.

"ಎತ್ತರ ಅಲ್ವಾ ಅಕ್ಕ, ಸ್ವಲ್ಪ ತಲೆ ತಿರುಗ್ತಿದೆ," ಎಂದ.

ಅವಳು ಎದ್ದು ಬಂದು ತನ್ನ ನೀರಿನ ಬಾಟಲಿ ಕೊಟ್ಟಳು. ಸ್ವೆಟರಿನ ತುದಿಯಿಂದ ಅವನ ಹಣೆ ಒರೆಸಿದಳು. ಅದಕ್ಕಿಂತ ಎರಡು ಬಿಗಿದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಮೂರಕ್ಕೆ ದಾರಿಯ ನೆತ್ತಿ ತಲುಪಿದರು. ಕೆಳಗೆ ಬೋಗುಣಿಯಂಥ ಜಾಗದಲ್ಲಿ ಕೆರೆ ಮಲಗಿತ್ತು. ಸುತ್ತಲೂ ಬೋಳು ಬೆಟ್ಟ, ನೀರಿನ ಬಣ್ಣ ಕಪ್ಪಿಗೆ ತಿರುಗಿದ ಹಸಿರು. ದಂಡೆಯಲ್ಲಿ ಒಂಟಿ ಕಂಬ. ಅಲ್ಲಿಗೆ ಇಳಿಯುವ ದಾರಿ ಏಳು ತಿರುವುಗಳದ್ದು.

"ಬಂದೇಬಿಟ್ವಲ್ಲೋ!" ಅಕ್ಕ ಅವನ ಹೆಗಲಿಗೆ ಗುದ್ದಿದಳು.

ಮೊದಲ ತಿರುವು. ಪೆಡಲ್ ಒತ್ತಿದ. ಹಿಡಿಯಿತು, ಆದರೆ ಮೆತ್ತಗೆ.

ಎರಡನೆಯ ತಿರುವು. ಇನ್ನೂ ಮೆತ್ತಗೆ. ಎರಡು ಸಲ ಒತ್ತಬೇಕಾಯಿತು.

ಮೂರನೆಯದಕ್ಕೆ ಒತ್ತಿದ. ಏನೋ ಸಣ್ಣಗೆ ಪುಸ್ಸೆಂದಂತಾಯಿತು. ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು.

ಮೇಸ್ತ್ರಿ ಅರಚಿದ:

"ಬ್ರೇಕ್ ಹೋಯ್ತು! ಹಿಡ್ಕೊಳಿ!"

ಮತ್ತೆ ಒತ್ತಿದ. ಮತ್ತೆ. ಏನೂ ಇಲ್ಲ. ಜೀಪು ಓಟ ಕಿತ್ತಿತು. ಕಲ್ಲುಗಳು ತಳಕ್ಕೆ ಪಟಪಟ ಬಡಿದವು. ಕ್ಲಚ್ ತುಳಿದ, ಎಂಜಿನ್ ಒದರಿಸಿದ, ಗೇರನ್ನು ಎರಡರಿಂದ ಒಂದಕ್ಕೆ ತಳ್ಳಿದ. ಹೋಗಲಿಲ್ಲ. ಹಲ್ಲು ಕಡಿದಂತೆ ಕರಕರ ಎಂದಿತು.

"ಅಪ್ಪಾ..." ಎಂದ. ಯಾಕೆ ಅಂದನೋ!

ಇನ್ನೊಮ್ಮೆ ತಳ್ಳಿದ. ಖಟ್! ಬಿತ್ತು. ಜೀಪು ಮುಗ್ಗರಿಸಿತು, ಎಂಜಿನ್ ಊಳಿಟ್ಟಿತು. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದ. ಸುಟ್ಟ ವಾಸನೆ ಬಂತು. ವೇಗ ತಗ್ಗಿತು, ಸಾಲದು. ನಾಲ್ಕನೆಯ ತಿರುವು ಎದುರಿಗೇ ಇತ್ತು, ಅದರಾಚೆ ಬರೀ ಆಕಾಶ.

ಬಂಡೆಯ ಬದಿಯಲ್ಲಿ ಕುಸಿದ ಮಣ್ಣುಜಲ್ಲಿಯ ರಾಶಿ ಕಂಡಿತು. ಸ್ಟೀರಿಂಗನ್ನು ಅತ್ತ ತಿರುಗಿಸಿದ.

ಧಡ್!

ಧೂಳು ನಿಧಾನವಾಗಿ ಇಳಿಯಿತು. ಜೀಪಿನ ಮೂತಿ ಜಲ್ಲಿಯೊಳಗೆ ಹುಗಿದಿತ್ತು. ಬಲಗಡೆಯ ಹಿಂದಿನ ಚಕ್ರಕ್ಕೂ ಅಂಚಿಗೂ ಒಂದು ಮೊಳ ಉಳಿದಿತ್ತು.

"ಅಕ್ಕಾ?"

"ಇದೀನಿ ಕಣೋ. ಪೆಟ್ಟಿಗೆನೂ ಇದೆ. ಅಜ್ಜ?"

ಅಜ್ಜ ಎಡಗೈಯಲ್ಲಿ ಬಲ ಹೆಗಲನ್ನು ಅಮುಕಿ ಹಿಡಿದಿದ್ದ. ಮುಖ ಬೂದಿಯಾಗಿತ್ತು. "ಹೆಗಲ ಮೂಳೆ ಹೋಯ್ತು ಅನ್ಸತ್ತೆ," ಎಂದ. ಆಮೇಲೆ, ಆ ನೋವಿನಲ್ಲೂ, ಮೇಸ್ತ್ರಿಯ ಕಡೆ ತಿರುಗಿ ಹೇಳಿದ: "ಮಗಾ, ಬೇರೆಯವರಾಗಿದ್ರೆ ನಾವು ಮೂರೂ ಜನ ತಳದಲ್ಲಿರ್ತಿದ್ವಿ. ನಿಮ್ಮಪ್ಪನ ಕೈ ನಿಂಗೆ ಬಂದಿದೆ. ನಮ್ಮ ಜೀವ ಉಳಿಸ್ದೆ."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಮೇಸ್ತ್ರಿಗೆ. ಜೀಪಿನ ಕೆಳಗೆ ತೂರಿದ. ಟ್ಯಾಂಕಿನ ಹಿಂದೆ ಪೈಪು ಬಾಯಿ ಬಿಟ್ಟಿತ್ತು. ಬ್ರೇಕ್ ಆಯಿಲ್ ತಾಗಿದ ಬಣ್ಣ ಉಳಿಯುವುದಿಲ್ಲ. ನಿನ್ನೆ ಬಳಿದ ಕಪ್ಪು ಬಣ್ಣವೆಲ್ಲ ಉಬ್ಬಿ, ಸಿಪ್ಪೆ ಸುಲಿದು ಜೋತಾಡುತ್ತಿತ್ತು. ಒಳಗಿನ ಕೆಂಪು ತುಕ್ಕು ಯಾರು ಬೇಕಾದರೂ ನೋಡಲಿ ಎಂಬಂತೆ ಬತ್ತಲಾಗಿತ್ತು.

ಹೊರಗೆ ಬಂದಾಗ ಅಕ್ಕ ಪೆಟ್ಟಿಗೆಗೆ ಪೆಟ್ಟಾಗಿದೆಯೇ ಎಂದು ಬಿಚ್ಚಿ ನೋಡುತ್ತಿದ್ದಳು. ಮಡಿಸಿದ ರಟ್ಟನ್ನು ಹೊರಗೆಳೆದಳು. ಅದು ತಾನಾಗಿ ಬಿಚ್ಚಿಕೊಂಡಿತು.

ಅವಳು ನೋಡಿದಳು. ಸುತ್ತು ಬರೆದ ಕಲೆ, ಅವನ ಅಕ್ಷರ. ಕಲೆಯ ಮೇಲೆ ಬೆರಳಿಟ್ಟಳು, ಬೆರಳನ್ನು ಹೆಬ್ಬೆರಳಿಗೆ ಉಜ್ಜಿದಳು, ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದಂತೆಯೇ. ಆಮೇಲೆ ತಲೆ ಎತ್ತಿದಳು.

ಮೇಸ್ತ್ರಿ ಅವಳ ಕಣ್ಣಿಗೆ ಕಣ್ಣು ಕೊಡಲಾರದೆ ಹೋದ. ಬಯ್ಯಲಿ ಎಂದು ಕಾದ. ಊರು ಕೇಳುವಂತೆ ಬಯ್ಯಲಿ.

ಅಕ್ಕ ರಟ್ಟನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲದೊಳಗಿಟ್ಟಳು. "ಪೆಟ್ಟಿಗೆ ಸರಿಯಾಗಿದೆ," ಎಂದಳು ಅಜ್ಜನಿಗೆ. ತಮ್ಮನಿಗೆ ಹೇಳಿದ್ದು ಎರಡೇ ಮಾತು. "ಬ್ಯಾಟರಿ ಹೊರು."

ಕೆರೆಗೆ ಇನ್ನೂ ಎರಡು ಕಿಲೋಮೀಟರ್. ಅಜ್ಜನ ಕೈಯನ್ನು ಅಕ್ಕ ತನ್ನ ಶಾಲಿನಿಂದ ಕೊರಳಿಗೆ ಕಟ್ಟಿದಳು. ಪೆಟ್ಟಿಗೆಯನ್ನು ತಾನು ಬೆನ್ನಿಗೇರಿಸಿದಳು. ಬ್ಯಾಟರಿ ಒಂದು ಮೂಟೆ ಸಿಮೆಂಟಿನಷ್ಟು ಭಾರವಿತ್ತು. ಹಗ್ಗ ಮೇಸ್ತ್ರಿಯ ಹೆಗಲನ್ನು ಕೊಯ್ಯುತ್ತಿತ್ತು. ಕಾಲಡಿ ಕಲ್ಲು ಜಾರುತ್ತಿತ್ತು. ಎರಡು ಸಲ ಮಂಡಿಯೂರಿ ಬಿದ್ದ. ಎರಡು ಸಲವೂ ಅಜ್ಜ ನಿಂತು, ಇರೋ ಒಂದೇ ಕೈ ಚಾಚಿದ.

"ಬೇಡ ಅಜ್ಜ. ದಯವಿಟ್ಟು ಬೇಡ."

"ಹಿಡ್ಕೊಳೋ, ಬಿಗುಮಾನ ಯಾಕೆ?"

ಹಿಡಿದುಕೊಂಡ. ಬಿಗುಮಾನವಂತೆ! ಬಿಗುಮಾನ ಎಲ್ಲಿ ಉಳಿದಿತ್ತು?

ಕಂಬ ನಾಲ್ಕು ಆಳೆತ್ತರ. ಗಾಳಿಗೆ ಗುಂಯ್‌ಗುಡುತ್ತಿತ್ತು. ಅಜ್ಜ ಒಂದು ಸಲ ಕಂಬವನ್ನು, ಒಂದು ಸಲ ತನ್ನ ಹೆಗಲನ್ನು ನೋಡಿಕೊಂಡ. ಬೆಲ್ಟನ್ನು ಮೇಸ್ತ್ರಿಯ ಸೊಂಟಕ್ಕೆ ಕಟ್ಟತೊಡಗಿದ. ಮೂವತ್ತೆಂಟು ವರ್ಷದಲ್ಲಿ ಅದನ್ನು ಇನ್ನೊಬ್ಬರಿಗೆ ಕೊಟ್ಟವನಲ್ಲ.

"ದಿನಾ ಬೆಳಿಗ್ಗೆ ಇದರ ಹೊಲಿಗೆ ಒಂದೊಂದೇ ನೋಡ್ತೀನಿ. ಇವತ್ತೂ ನೋಡಿದೀನಿ. ನೀನು ಕೆಳಗೆ ನೋಡ್ಬೇಡ, ಬೆಲ್ಟ್ ಏನಾಗತ್ತೋ ಅಂತ ಯೋಚ್ನೆ ಮಾಡ್ಬೇಡ. ನಾನು ನೋಡಿದೀನಿ ಅಂದ್ಮೇಲೆ ಮುಗೀತು. ನಂಬಿ ಹತ್ತು."

ಮೇಸ್ತ್ರಿ ಕಂಬಕ್ಕೆ ಕೈ ಹಚ್ಚಿದ. ಹತ್ತಿದ.

ಅರ್ಧ ಹತ್ತಿದ. ಗಾಳಿ ಬಟ್ಟೆಯನ್ನು ಎಳೆದಾಡಿತು. ಕೆಳಗಿನಿಂದ ಅಜ್ಜನ ದನಿ ಬರುತ್ತಲೇ ಇತ್ತು. "ಬಲಗಾಲು ಮೇಲೆ... ಹಾಂ. ಒರಗಿಕೋ ಬೆಲ್ಟಿಗೆ. ಪೂರಾ ಒರಗು. ಎರಡೂ ಕೈ ಬಿಡು."

ಎರಡೂ ಕೈ ಬಿಟ್ಟ. ಬೆಲ್ಟು ಹಿಡಿಯಿತು. ಕರಕಲಾದ ಪೆಟ್ಟಿಗೆ ಬಿಚ್ಚಿದ. ಹಗ್ಗದಲ್ಲಿ ಮೇಲೆ ಬಂದ ಹೊಸದನ್ನು ಕೂರಿಸಿದ. ನಾಲ್ಕು ಬೋಲ್ಟು. ನಾಲ್ಕನ್ನೂ ಬಿಗಿದ. ಬಿಗಿದ ಮೇಲೆ ಮೊದಲನೆಯದಕ್ಕೆ ಹಿಂತಿರುಗಿ ನಾಲ್ಕನ್ನೂ ಇನ್ನೊಮ್ಮೆ ನೋಡಿದ. ಅಕ್ಕ ಬುಡದಲ್ಲಿ ತಂತಿ ಕೂಡಿಸಿ ಪರೀಕ್ಷೆಯ ಗುಂಡಿ ಒತ್ತಿದಳು. ಅವಳ ಚೀಲದಲ್ಲಿದ್ದ ರೇಡಿಯೊ ಗೊರಗೊರ ಎಂದು, ಸಾಹೇಬರ ದನಿ ಬಂತು: "ಕೂಗ್ತಮ್ಮಾ! ಸೈರನ್ ಕೂಗ್ತು! ಇಲ್ಲಿ ಎಲ್ಲಾ ಚಪ್ಪಾಳೆ ಹೊಡೀತಿದಾರೆ. ಗಾಡಿ ಓಡಿಸಿದವನಿಗೆ ಹೇಳಿ, ಭೇಷ್ ಅಂತ!"

ಮೇಸ್ತ್ರಿ ಇಳಿದ. ಕಾಲು ನೆಲಕ್ಕೆ ತಾಗಿದ್ದೇ ತಡ, ಬೆಲ್ಟನ್ನೂ ಬಿಚ್ಚದೆ, ಅಜ್ಜನ ಮುಂದೆ ನಿಂತ.

"ಅಜ್ಜ, ನಾನು ಯಾರ ಜೀವನೂ ಉಳಿಸಿಲ್ಲ. ಆ ಪೈಪು ಹಳೇದು. ಸೋರ್ತಿದೆ ಅಂತ ಬೆಳಿಗ್ಗೇನೇ ಗೊತ್ತಿತ್ತು. ತುಕ್ಕಿಗೆ ಬಣ್ಣ ಬಳಿದು ಮುಚ್ಚಿದ್ದೆ. ದಾರಿಯುದ್ದಕ್ಕೂ ಕದ್ದು ಕದ್ದು ಆಯಿಲ್ ತುಂಬಿಸಿದೆ. ನಿಮ್ಮ ಮೂಳೆ ಮುರಿದವನು ನಾನೇ."

ಕೆರೆಯ ನೀರು ಕಲ್ಲಿಗೆ ತಾಗಿ ಲೊಚಲೊಚ ಎನ್ನುತ್ತಿತ್ತು. ಅಜ್ಜ ಒಂದೇ ಕೈಯಲ್ಲಿ ಅವನ ಸೊಂಟದಿಂದ ಬೆಲ್ಟಿನ ಕೊಂಡಿ ಬಿಚ್ಚಿದ. ನೆಲದ ಮೇಲೆ ಕೂತು, ಅದನ್ನು ಮಂಡಿಯ ಮೇಲೆ ಹರಡಿ, ತುದಿಯಿಂದ ತುದಿಗೆ ಹೊಲಿಗೆಗಳನ್ನು ಒಂದೊಂದಾಗಿ ನೋಡತೊಡಗಿದ. ಮೇಸ್ತ್ರಿಯ ಮುಖ ಮಾತ್ರ ನೋಡಲಿಲ್ಲ. ಅಂಥ ಅವಮಾನ ಮೇಸ್ತ್ರಿಗೆ ಜೀವಮಾನದಲ್ಲೇ ಆಗಿರಲಿಲ್ಲ, ಆಗಬೇಕಾದ್ದೇ ಆಗಿತ್ತು.

ಆ ರಾತ್ರಿ ಜೀಪಿನಲ್ಲೇ ಮುದುಡಿಕೊಂಡು ಕಳೆದರು. ಬುಧವಾರ ಬೆಳಕು ಹರಿಯುತ್ತಲೇ ಮೇಸ್ತ್ರಿ ಕೆಲಸಕ್ಕೆ ಬಿದ್ದ. ಮೂತಿಯನ್ನು ಜಲ್ಲಿಯಿಂದ ಅಗೆದು ಬಿಡಿಸಿದ. ಹಿಂದಕ್ಕೆ ಹೋಗುವ ಪೈಪನ್ನು ಒಡೆದ ಜಾಗಕ್ಕಿಂತ ಮುಂಚೆಯೇ, ತುಕ್ಕು ಹತ್ತದ ಕಡೆ ಕತ್ತರಿಸಿ, ತುದಿಯನ್ನು ಎರಡು ಮಡಿಕೆ ಮಡಚಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಬಡಿದ. ಹಿಂದಿನ ಚಕ್ರಗಳಿಗೆ ಇನ್ನು ಬ್ರೇಕ್ ಇಲ್ಲ, ಮುಂದಿನ ಎರಡಕ್ಕೆ ಮಾತ್ರ. ಉಳಿದಿದ್ದ ಬಾಟಲಿಯನ್ನು ಡಬ್ಬಿಗೆ ಸುರಿದ. ಇನ್ನು ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು, ಪೆಡಲ್ ಒತ್ತಲು ಒಬ್ಬರು, ಚಕ್ರದ ಹತ್ತಿರ ಒಬ್ಬರು.

ಅಕ್ಕ ಕೇಳದೆಯೇ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಅವನು ಚಕ್ರದ ಹಿಂದೆ ಮಲಗಿದ. ಅವನಿಗೆ ಅವಳ ಮುಖ ಕಾಣುತ್ತಿರಲಿಲ್ಲ.

"ಒತ್ತು," ಎಂದ.

"ಒತ್ತಿದೆ."

"ಹಿಡ್ಕೋ." ತಿರುಪು ಸಡಿಲಿಸಿದ. ಗುಳ್ಳೆಗಳು ಬಂದವು. ಬಿಗಿದ. "ಬಿಡು. ಅಕ್ಕ, ಬಯ್ಯೇ."

"ಬೈದ್ರೆ ನಿಂಗೆ ಹಗುರಾಗತ್ತೆ. ಒತ್ತಲಾ?"

"ಒತ್ತು. ಹಿಡ್ಕೋ... ಬಿಡು."

"ನನ್ನ ಸಹಿ ಬಗ್ಗೆ ಬೇಜಾರಿಲ್ಲ ಕಣೋ. ಗಾಡಿ ಕೆಟ್ಟಿದ್ದಕ್ಕೂ ಅಲ್ಲ. ಚೊಕ್ಕ ಇರೋ ಕಡೆ ತಿರುಗಿಸಿ, ನಂಗೇ 'ನೋಡು' ಅಂದ್ಯಲ್ಲ. ಅಪ್ಪನ ರಟ್ಟು ಅದು." ಅವಳ ದನಿ ಒಡೆಯಿತು. "ಅದರಲ್ಲಿ ಸುಳ್ಳು ಹೇಳೋಕಾಗತ್ತೆ ಅಂತ ನಂಗೆ ಹೊಳೆದೇ ಇರ್ಲಿಲ್ಲ."

ಅವನು ಅಲ್ಲೇ, ಗ್ರೀಸಿನ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅವಳು ಕಾದಳು.

"ಒತ್ತಲೇನೋ?" ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಒತ್ತು ಅಕ್ಕ."

ಹನ್ನೊಂದು ಸಲದ ಮೇಲೆ ಗುಳ್ಳೆ ನಿಂತವು. ಪೆಡಲ್ ಅರ್ಧದಲ್ಲಿ ಗಟ್ಟಿಯಾಗಿ ನಿಂತಿತು.

ನೆತ್ತಿಯವರೆಗೆ ಹತ್ತುವುದು ತೊಂದರೆಯಾಗಲಿಲ್ಲ. ಇಳಿಜಾರು ಶುರುವಾಗುವಲ್ಲಿ ಅಜ್ಜ ಜೀಪಿನಿಂದ ಇಳಿದ.

"ನಾನು ನಡೀತೀನಿ."

"ಅಜ್ಜ, ನಿಮ್ಮ ಹೆಗಲು..."

"ಹೆಗಲು ಮುರಿದಿದೆ, ಕಾಲಲ್ಲ. ಕಡಿದಾಗಿರೋ ಕಡೆಯೆಲ್ಲಾ ನಡೀತೀನಿ. ನೀನು ಹಿಂದೆ ಬಾ."

ಕಾಡಿನ ಅಂಚಿಗೆ ಬಂದಾಗ, ಬಿದ್ದ ಮರದ ದಿಮ್ಮಿಯೊಂದನ್ನು ಹಗ್ಗದಿಂದ ಜೀಪಿನ ಹಿಂದೆ ಕಟ್ಟಿದರು. ಅದು ನೆಲ ಗೀರುತ್ತ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಮೇಸ್ತ್ರಿ ಒಂದನೆಯ ಗೇರು ಬಿಡಲಿಲ್ಲ. ಹತ್ತು ಹೆಜ್ಜೆ ಮುಂದೆ, ಕೈಯನ್ನು ಕೊರಳಿಗೆ ಕಟ್ಟಿಕೊಂಡ ಮುದುಕ ನಡೆಯುತ್ತಿದ್ದ. ಬೆನ್ನ ಹಿಂದೆ ಬರುತ್ತಿದ್ದ ಗಾಡಿಯನ್ನು ತಿರುಗಿ ತಿರುಗಿ ನೋಡುತ್ತಿದ್ದ. ಅವನು ತಿರುಗಿದಾಗಲೆಲ್ಲ ಮೇಸ್ತ್ರಿ ತಲೆ ತಗ್ಗಿಸುತ್ತಿದ್ದ. ಹತ್ತಲು ಅರ್ಧ ದಿನ ಹಿಡಿದ ದಾರಿ ಇಳಿಯಲು ಇಡೀ ದಿನ ಹಿಡಿಯಿತು.

ಸಂಜೆ ಊರು ಮುಟ್ಟಿದರು. ಅಜ್ಜನನ್ನು ಆಸ್ಪತ್ರೆಗೆ ಸೇರಿಸಿ, ಕಚೇರಿಗೆ ಬಂದರು. ಸಾಹೇಬರು ಎದ್ದು ಬಂದು ಮೇಸ್ತ್ರಿಯ ಕೈ ಕುಲುಕಿದರು. ಅಕ್ಕ ನಿಂತಲ್ಲೇ ವರದಿ ಬರೆದಳು. ಪೆಟ್ಟಿಗೆಯ ನಂಬರು, ನೀರಿನ ಮಟ್ಟ, ಅಜ್ಜನ ಗಾಯ. 'ವಾಹನ ಕೆಟ್ಟಿದ್ದಕ್ಕೆ ಕಾರಣ' ಎಂಬ ಕಡೆ ಪೆನ್ನು ನಿಲ್ಲಿಸಿ, ಕಾಗದವನ್ನು ತಮ್ಮನ ಕಡೆ ತಿರುಗಿಸಿದಳು.

"ಇದು ನಿಂದು. ನೀನೇ ಬರಿ."

ಬರೆದ. ಮೂರು ಸಾಲು. ಅದಕ್ಕಿಂತ ಚಿಕ್ಕದಾಗಿ ಬರೆಯಬಹುದಿತ್ತು, ಬರೆಯಲಿಲ್ಲ. ಅಕ್ಕ ಚೀಲದಿಂದ ರಟ್ಟು ತೆಗೆದುಕೊಟ್ಟಳು, ಅದನ್ನೂ ಕಾಗದಕ್ಕೆ ಸೇರಿಸಿ ಪಿನ್ನು ಹೊಡೆದ. ಸಾಹೇಬರು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಹಾಕಿಕೊಂಡು ಓದಿದರು. ಕುಲುಕಿದ ಕೈಯನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡರು.

ಗುರುವಾರ ಮಳೆ ಹಿಡಿಯಿತು. ಶುಕ್ರವಾರ ಮಧ್ಯಾಹ್ನ, ಊರು ಊಟಕ್ಕೆ ಕೂತ ಹೊತ್ತಿನಲ್ಲಿ, ಸೈರನ್ ಕೂಗಿತು. ನಾನೂರು ಮನೆಯವರೂ ಎತ್ತರದ ಶಾಲೆಗೆ ಹತ್ತಿದರು. ನದಿ ಮೊದಲ ಸಾಲಿನ ಮನೆಗಳ ಕಿಟಕಿಯವರೆಗೆ ಬಂತು. ಒಂದು ಜೀವವೂ ಹೋಗಲಿಲ್ಲ. ಸೈರನ್ ಕೂಗಿದಾಗ ಮೇಸ್ತ್ರಿ ಜೀಪಿನ ಕೆಳಗೆ ಮಲಗಿದ್ದ. ಕಚ್ಚಿಕೊಂಡಿದ್ದ ಬೋಲ್ಟುಗಳನ್ನು ಕೊರೆದು ತೆಗೆದು ಟ್ಯಾಂಕ್ ಇಳಿಸಿದ್ದ. ಹೊಸ ಪೈಪನ್ನು ಬಾಗಿಸಿ ಕೂರಿಸುತ್ತಿದ್ದ. ಸೈರನ್ ಕೇಳಿದೊಡನೆ ಕೈ ನಿಂತಿತು. ಆ ಪೆಟ್ಟಿಗೆಯ ನಾಲ್ಕು ಬೋಲ್ಟು ತಾನು ಬಿಗಿದದ್ದು ಎಂದು ಒಂದು ಗಳಿಗೆ ಅನಿಸಿತು. ಅಷ್ಟು ಸಂತೋಷಪಡಬಹುದೇನೋ ಎಂದುಕೊಂಡ. ಆಮೇಲೆ ಜನರನ್ನು ಹತ್ತಿಸಲು ಓಡಿದ.

ನೀರು ಇಳಿದ ಮೇಲೆ, ಇನ್ನೊಂದು ವಾರಕ್ಕೆ, ಕೆರೆಯ ಅಳತೆ ನೋಡಲು ಅಕ್ಕ ಮತ್ತೆ ಹೋಗಬೇಕಾಯಿತು. ಬೇರೆ ಗಾಡಿ ತೂರುವುದಿಲ್ಲವಲ್ಲ, ಸಾಹೇಬರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದರು. ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡ ಅಜ್ಜ ತಾನೂ ಬರುತ್ತೇನೆ ಎಂದು ಹಟ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಜೀಪಿನ ಕೆಳಗೆ ರಟ್ಟು ಹಾಸಿತ್ತು.

ಮೇಸ್ತ್ರಿ ಅದನ್ನು ಎಳೆಯಲು ಬಗ್ಗಿದ. ಅಕ್ಕ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ತಾನೇ ಮಂಡಿಯೂರಿ, ರಟ್ಟನ್ನು ಬೆಳಕಿಗೆ ಎಳೆದಳು. ಒಂದು ಹನಿ ಇರಲಿಲ್ಲ. ಮೇಸ್ತ್ರಿ ಉಸಿರು ಬಿಟ್ಟ.

ಅವಳು ರಟ್ಟನ್ನು ಎತ್ತಿ, ಮಗುಚಿ, ಹಿಂಬದಿಯನ್ನೂ ನೋಡಿದಳು.

ಅವನ ಕಿವಿ ಬಿಸಿಯಾಯಿತು. ಕಣ್ಣು ಕೆಳಗಾಯಿತು.

ಅಕ್ಕ ರಟ್ಟನ್ನು ಅಜ್ಜನ ಕೈಗೆ ಕೊಟ್ಟಳು. ಅಜ್ಜ ಒಂದು ಕಡೆ ನೋಡಿದ, ಇನ್ನೊಂದು ಕಡೆ ನೋಡಿದ, ಗೋಡೆಗೆ ಒರಗಿಸಿಟ್ಟ. ಜೀಪಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಸೀಟಿನ ಬಾಗಿಲು ತೆಗೆದ.

"ಹತ್ತಿಸೋ ಮೇಸ್ತ್ರಿ," ಎಂದ, ಒಳ್ಳೆಯ ಕೈಯನ್ನು ಚಾಚಿ. "ಒಂದೇ ಕೈ ಇದೆ ನಂಗೆ."